ಎಣ್ಣೆ ತಡೆದುಕೊಳ್ಳುವವನು ಗಟ್ಟಿಗನಲ್ಲ: ಬಾಳೆಹಣ್ಣಿನ ನೊಣ ಕಲಿಸಿದ ಪಾಠ

ನಮ್ಮ ಊರುಗಳ ಅರಳಿಕಟ್ಟೆ ಮೇಲೆ ಎರಡು ಮಾತು ಪದೇ ಪದೇ ಕಿವಿಗೆ ಬೀಳುತ್ತವೆ. ನೀವೂ ಕೇಳಿರುತ್ತೀರಿ.

ಮೊದಲನೆಯದು: “ಅವನ ತಾಕತ್ತು ನೋಡ್ಲಾ, ಎರಡು ಕ್ವಾರ್ಟರ್ ಹಾಕಿದ್ರೂ ನೆಟ್ಟಗೆ ನಡ್ಕೊಂಡು ಮನೆಗೆ ಹೋಯ್ತಾನೆ. ನೀನು ಒಂದು ಪೆಗ್ಗಿಗೇ ಮಕಾಡೆ ಮಲಗ್ತೀಯ.”

ಎರಡನೆಯದು: “ಆ ಮನೆಗೆ ಹೆಣ್ಣು ಕೊಡಬ್ಯಾಡ ಕಣಕ್ಕ. ಅಪ್ಪ ಕುಡುಕ, ತಾತ ಕುಡುಕ. ಅವರ ರಕ್ತದಾಗೇ ಐತೆ.”

ಎರಡರಲ್ಲೂ ಅರ್ಧ ಸತ್ಯ ಇದೆ. ಪೂರ್ತಿ ಸುಳ್ಳಾಗಿದ್ದರೆ ಎಂದೋ ಬಿದ್ದುಹೋಗುತ್ತಿದ್ದವು. ಅರ್ಧ ಸತ್ಯವಾದ್ದರಿಂದಲೇ ತಲೆತಲಾಂತರದಿಂದ ನಿಂತಿವೆ, ಮನೆಗಳನ್ನು ಹಾಳು ಮಾಡುತ್ತಿವೆ.

ನಮ್ಮ ತಂಡದ ಒಬ್ಬರ ಸೋದರಮಾವ ಈ ‘ತಡೆದುಕೊಳ್ಳುವ’ ಗಂಡಸು. ಊರ ಹಬ್ಬದಲ್ಲಿ ಪಂದ್ಯ ಕಟ್ಟಿ ಕುಡಿದು ಗೆದ್ದವರು. ನಲವತ್ತೆಂಟು ತುಂಬುವ ಹೊತ್ತಿಗೆ ಲಿವರ್ ಹೋಗಿ ತೀರಿಕೊಂಡರು. ಅವರ ಮಗ ಬಾಯಿಗೆ ಒಂದು ತೊಟ್ಟು ಹಾಕಿದವನಲ್ಲ. ಆದರೂ ಅವನ ಮದುವೆ ಮಾತು ಎರಡು ಸಲ ಮುರಿಯಿತು. ಮೊದಲ ಮಾತು ಅಪ್ಪನನ್ನು ತಿಂದಿತು, ಎರಡನೆಯ ಮಾತು ಮಗನಿಗೆ ಅಂಟಿಕೊಂಡಿತು. ಕಳೆದ ಯುಗಾದಿಗೆ ಊರಿಗೆ ಹೋದಾಗ ಆ ಹುಡುಗ ನಮ್ಮನ್ನು ಒಂದೇ ಪ್ರಶ್ನೆ ಕೇಳಿದ: “ಅಣ್ಣ, ನನಗೂ ಬರುತ್ತಾ ಇದು?”

ಸುಮ್ಮನೆ ಸಮಾಧಾನ ಹೇಳಿ ಬರಬಹುದಿತ್ತು. ಹೇಳಲಿಲ್ಲ. ಓದಿ ಹೇಳುತ್ತೇವೆ ಅಂದೆವು. ಓದುತ್ತಾ ಹೋದಂತೆ ನಮ್ಮ ಕೈಗೆ ಸಿಕ್ಕ ಒಳ್ಳೆಯ ಸಾಕ್ಷಿ ಯಾರು ಗೊತ್ತೇ? ಅಡುಗೆಮನೆಯಲ್ಲಿ ಕಳಿತ ಬಾಳೆಹಣ್ಣಿನ ಮೇಲೆ ಹಾರಾಡುವ ಪುಟ್ಟ ನೊಣ.

ಯಾವ ನೊಣ ಇದು?

ರೈತರು ಮೊದಲೇ ಒಂದು ವಿಷಯ ತಿಳಿದುಕೊಳ್ಳಬೇಕು. ಮಾವಿನಕಾಯಿಗೆ ಚುಚ್ಚಿ ಹುಳ ಬೀಳಿಸುವ ನೊಣ ಇದಲ್ಲ. ತೋಟದಲ್ಲಿ ಮೋಹಕ ಬಲೆ ಕಟ್ಟಿ ಹಿಡಿಯುತ್ತೀರಲ್ಲ, ಅದು ದೊಡ್ಡದು, ಬೇರೆ ಜಾತಿ. ನಾವು ಹೇಳುತ್ತಿರುವುದು ಮೂರು ಮಿಲಿಮೀಟರ್ ಉದ್ದದ, ಕೆಂಪು ಕಣ್ಣಿನ, ಹಲಸಿನ ಸಿಪ್ಪೆ, ಕೊಳೆತ ಟೊಮೆಟೊ, ಬಾಳೆಹಣ್ಣಿನ ಸುತ್ತ ಗುಂಪಾಗಿ ಸುಳಿಯುವ ನೊಣ. ಇದರ ಶಾಸ್ತ್ರೀಯ ಹೆಸರು ಡ್ರೊಸೊಫಿಲಾ ಮೆಲನೊಗ್ಯಾಸ್ಟರ್.

ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ವಿಜ್ಞಾನಿಗಳು ಇದನ್ನು ಬಾಟಲಿಯಲ್ಲಿ ಸಾಕುತ್ತಿದ್ದಾರೆ. ಅಪ್ಪ ಅಮ್ಮನ ಗುಣ ಮಕ್ಕಳಿಗೆ ಹೇಗೆ ಇಳಿಯುತ್ತದೆ ಎಂಬ ಲೆಕ್ಕದ ಬಹುಪಾಲು ನಮಗೆ ಕಲಿಸಿದ್ದು ಇದೇ ನೊಣ. ಅಮೆರಿಕದ ಥಾಮಸ್ ಹಂಟ್ ಮಾರ್ಗನ್ ಇದರ ಮೇಲಿನ ಕೆಲಸಕ್ಕೆ 1933ರಲ್ಲಿ ನೊಬೆಲ್ ಪಡೆದರು. ದೂರ ಯಾಕೆ, ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಬಗೆಬಗೆಯ ಡ್ರೊಸೊಫಿಲಾ ನೊಣಗಳನ್ನು ಸಾಕಿ ಕಾಪಾಡುವ ಕೇಂದ್ರ ಇದೆ. ಬೀಜ ಬ್ಯಾಂಕ್ ಇದ್ದ ಹಾಗೆ, ಅದು ನೊಣದ ಬ್ಯಾಂಕ್.

ನೊಣಕ್ಕೂ ಮನುಷ್ಯನಿಗೂ ಏನು ಸಂಬಂಧ ಅಂತ ನಗಬೇಡಿ. ಮನುಷ್ಯರ ಕಾಯಿಲೆಗಳಿಗೆ ಸಂಬಂಧಪಟ್ಟ ವಂಶವಾಹಿಗಳಲ್ಲಿ, ಅಂದರೆ ಜೀನುಗಳಲ್ಲಿ, ಸುಮಾರು ಮುಕ್ಕಾಲು ಪಾಲಿಗೆ ನೊಣದಲ್ಲೂ ಸರಿಸಾಟಿಯಾದ ಜೀನುಗಳಿವೆ.

ಎಣ್ಣೆಯ ವಿಚಾರಕ್ಕಂತೂ ಈ ನೊಣ ಹುಟ್ಟುಗೆಳೆಯ. ಹಣ್ಣು ಕಳಿತು ಕೊಳೆಯುವಾಗ ಅದರ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿ ತಿಂದು ಆಲ್ಕೋಹಾಲ್ ಮಾಡುತ್ತದೆ. ಈಚಲು ಮರದ ನೀರಾ ಬಿಸಿಲೇರಿದ ಮೇಲೆ ಹೆಂಡವಾಗುವುದೂ ಹೀಗೆಯೇ. ನೊಣ ಮೊಟ್ಟೆ ಇಡುವುದು ಅಂಥ ಹಣ್ಣಿನಲ್ಲೇ, ಮರಿಹುಳ ಬೆಳೆಯುವುದು ಅಲ್ಲೇ. ಆಲ್ಕೋಹಾಲನ್ನು ಅರಗಿಸಿಕೊಳ್ಳಲಾಗದ ಹುಳ ಅಲ್ಲಿ ಬದುಕುವುದಿಲ್ಲ.

ಒಂದು ಮಣಿ ಬದಲಾದರೆ

ನೊಣದ ಮೈಯಲ್ಲಿ ಆಲ್ಕೋಹಾಲನ್ನು ಒಡೆಯಲು ಒಂದು ಕಿಣ್ವ ಇದೆ. ಹೆಸರು ಆಲ್ಕೋಹಾಲ್ ಡಿಹೈಡ್ರೋಜಿನೇಸ್, ಚಿಕ್ಕದಾಗಿ ಎಡಿಎಚ್. ಮನುಷ್ಯನ ಲಿವರಿನಲ್ಲೂ ಇದೇ ಕೆಲಸ ಮಾಡುವ, ಇದೇ ಹೆಸರಿನ ಕಿಣ್ವ ಇದೆ. ಅದು ಆಲ್ಕೋಹಾಲನ್ನು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಒಡೆಯುತ್ತದೆ. ಆ ವಿಷವನ್ನು ಇನ್ನೊಂದು ಕಿಣ್ವ ನಿರಪಾಯ ಮಾಡುತ್ತದೆ. ಈ ಎರಡು ಮೆಟ್ಟಿಲು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಿಣ್ವ ಅಂದರೆ ಮಣಿ ಪೋಣಿಸಿದ ಸರ ಅಂದುಕೊಳ್ಳಿ. ನೊಣಗಳಲ್ಲಿ ಎಡಿಎಚ್ ಸರ ಮುಖ್ಯವಾಗಿ ಎರಡು ನಮೂನೆಯದು. ಒಂದಕ್ಕೆ ‘ಫಾಸ್ಟ್’, ಇನ್ನೊಂದಕ್ಕೆ ‘ಸ್ಲೋ’ ಅಂತ ಹೆಸರಿಟ್ಟಿದ್ದಾರೆ. ಎರಡಕ್ಕೂ ಇರುವ ವ್ಯತ್ಯಾಸ 192ನೇ ಜಾಗದ ಒಂದೇ ಒಂದು ಮಣಿ. ‘ಫಾಸ್ಟ್’ ಇರುವ ನೊಣ ಸಾಮಾನ್ಯವಾಗಿ ಆಲ್ಕೋಹಾಲನ್ನು ಚುರುಕಾಗಿ ಒಡೆಯುತ್ತದೆ. 1983ರಲ್ಲಿ ಮಾರ್ಟಿನ್ ಕ್ರೈಟ್‌ಮನ್ ಎಂಬ ವಿಜ್ಞಾನಿ ಬೇರೆ ಬೇರೆ ಕಡೆಯ ನೊಣಗಳಿಂದ ಈ ಜೀನಿನ 11 ಪ್ರತಿಗಳನ್ನು ತೆಗೆದು ಅಕ್ಷರ ಅಕ್ಷರವಾಗಿ ಓದಿದರು. 43 ಕಡೆ ವ್ಯತ್ಯಾಸ ಸಿಕ್ಕಿತು. ಆ 43ರಲ್ಲಿ ಕಿಣ್ವದ ಮಣಿಯನ್ನೇ ಬದಲಿಸಿದ್ದು ಒಂದೇ ಒಂದು, ಇದೇ ಫಾಸ್ಟ್–ಸ್ಲೋ ವ್ಯತ್ಯಾಸ.

ಇದನ್ನು ಯಾರೂ ಪ್ರಯೋಗಾಲಯದಲ್ಲಿ ಸೃಷ್ಟಿಸಿದ್ದಲ್ಲ. ಕಾಡಿನಲ್ಲಿ, ತೋಟದಲ್ಲಿ, ಸಂತೆಯಲ್ಲಿ ತಾನಾಗಿ ಇರುವ ವ್ಯತ್ಯಾಸ. ಒಂದೇ ಬಾಳೆಹಣ್ಣಿನ ಮೇಲೆ ಕೂತ ಎರಡು ನೊಣ ಹೊರಗೆ ನೋಡಲು ಒಂದೇ ಥರ. ಒಳಗೆ ಒಂದು ಎಣ್ಣೆಯನ್ನು ಬೇಗ ಅರಗಿಸುತ್ತದೆ, ಇನ್ನೊಂದು ನಿಧಾನವಾಗಿ.

ಅಂದರೆ ಕಟ್ಟೆಯ ಮಾತಿನಲ್ಲಿ ಅರ್ಧ ಸತ್ಯ ಇಲ್ಲಿದೆ. ಎಲ್ಲರ ಮೈ ಎಣ್ಣೆಗೆ ಒಂದೇ ರೀತಿ ಬಗ್ಗುವುದಿಲ್ಲ. ಆ ವ್ಯತ್ಯಾಸದಲ್ಲಿ ಹುಟ್ಟಿನಿಂದ ಬಂದ ಪಾಲು ಇದೆ.

ಜೋಲಿ ಹೊಡೆಯುವುದನ್ನು ಅಳೆಯುವ ಕೊಳವೆ

ನೊಣಕ್ಕೆ ಅಮಲೇರಿದ್ದು ಹೇಗೆ ಗೊತ್ತಾಗುತ್ತದೆ? ನಮ್ಮ ಹಾಗೆಯೇ. ಸ್ವಲ್ಪ ಏರಿದಾಗ ಸುಮ್ಮನೆ ಓಡಾಡುತ್ತದೆ, ಗದ್ದಲ ಹೆಚ್ಚು. ಇನ್ನೂ ಏರಿದರೆ ಕಾಲು ತಪ್ಪುತ್ತದೆ. ಮತ್ತೂ ಏರಿದರೆ ಮಲಗಿಬಿಡುತ್ತದೆ.

ಇದನ್ನು ಅಳೆಯಲು ಸುಮಾರು ನಾಲ್ಕು ಅಡಿ ಎತ್ತರದ ಗಾಜಿನ ಕೊಳವೆ ಇದೆ. ಒಳಗೆ ಮೇಲಿಂದ ಕೆಳಗಿನವರೆಗೆ ಓರೆಯಾದ ಪುಟ್ಟ ಪುಟ್ಟ ತಟ್ಟೆಗಳು. ಕೊಳವೆಗೆ ಆಲ್ಕೋಹಾಲಿನ ಆವಿ ಬಿಟ್ಟು ಮೇಲಿನಿಂದ ನೊಣಗಳನ್ನು ಹಾಕುತ್ತಾರೆ. ಅಮಲೇರಿದ ನೊಣ ಹಿಡಿತ ತಪ್ಪಿ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಉರುಳುತ್ತಾ ಕೊನೆಗೆ ಬುಡಕ್ಕೆ ಬೀಳುತ್ತದೆ. ಯಾವ ನೊಣ ಎಷ್ಟು ನಿಮಿಷಕ್ಕೆ ಬಿತ್ತು ಅಂತ ಬರೆದಿಟ್ಟುಕೊಳ್ಳುತ್ತಾರೆ. ಇದರ ಹೆಸರು ಇನೆಬ್ರಿಯೋಮೀಟರ್. ನಮ್ಮ ಭಾಷೆಯಲ್ಲಿ ಅಮಲುಮಾಪಕ ಅನ್ನೋಣ.

1998ರಲ್ಲಿ ಅಮೆರಿಕದ ಉಲ್ರಿಕೆ ಹೆಬರ್ಲೈನ್ ಅವರ ತಂಡ ಇಂಥ ಕೊಳವೆಯಲ್ಲಿ ಬೇಗ ಬೀಳುವ ಒಂದು ನೊಣದ ತಳಿಯನ್ನು ಕಂಡುಹಿಡಿಯಿತು. ಅದಕ್ಕೆ ‘ಚೀಪ್‌ಡೇಟ್’ ಅಂತ ಹೆಸರಿಟ್ಟರು. ಕಡಿಮೆ ಖರ್ಚಿನಲ್ಲೇ ಕಿಕ್ಕೇರುವ ಗೆಳೆಯ ಅಂತ ಅರ್ಥ. ಆಶ್ಚರ್ಯ ಏನೆಂದರೆ, ಆ ಬದಲಾವಣೆ ಇದ್ದದ್ದು ನೊಣದ ನೆನಪಿನ ಶಕ್ತಿಗೆ ಸಂಬಂಧಪಟ್ಟ ಒಂದು ಜೀನಿನಲ್ಲಿ. ಎಣ್ಣೆ ಅರಗಿಸುವ ಕಿಣ್ವದ ಮಾತೇ ಅಲ್ಲಿಲ್ಲ. ಅಂದರೆ ಅಮಲಿನ ಕಥೆ ಹೊಟ್ಟೆಯಲ್ಲಿ ಮುಗಿಯುವುದಿಲ್ಲ, ತಲೆಯಲ್ಲೂ ನಡೆಯುತ್ತದೆ.

ಅದೇ ತಂಡ ಇನ್ನೊಂದು ವಿಷಯ ತೋರಿಸಿತು. ಒಂದು ಸಲ ಅಮಲೇರಿಸಿಕೊಂಡ ನೊಣ, ಚೇತರಿಸಿಕೊಂಡ ಮೇಲೆ ಎರಡನೇ ಸಲ ಕೊಳವೆಗೆ ಹಾಕಿದರೆ ತಡವಾಗಿ ಬೀಳುತ್ತದೆ. ಮೈ ಒಗ್ಗಿಕೊಂಡಿತು. ಅಂದಮೇಲೆ ‘ತಡೆದುಕೊಳ್ಳುವ’ ಶಕ್ತಿಯಲ್ಲಿ ಎರಡು ಥರ. ಒಂದು ಹುಟ್ಟಿನಿಂದ ಬಂದದ್ದು, ಇನ್ನೊಂದು ಕುಡಿದು ಕುಡಿದು ಬಂದದ್ದು. ಎರಡರಲ್ಲೂ ಹೆಮ್ಮೆ ಪಡುವಂಥದ್ದೇನೂ ಇಲ್ಲ.

ಸಂತೆಯಿಂದ ಬಂದ ಇನ್ನೂರು ತಳಿ

ಹಾಗಾದರೆ ಕುಡುಕತನಕ್ಕೆ ಒಂದು ಜೀನು ಇದೆಯಾ? ರಕ್ತ ಪರೀಕ್ಷೆ ಮಾಡಿಸಿ ‘ಇವನು ಕುಡುಕ ಆಗ್ತಾನೆ, ಇವನು ಆಗಲ್ಲ’ ಅನ್ನಬಹುದಾ?

ಇದಕ್ಕೆ ಉತ್ತರ ಬಂದದ್ದು ಒಂದು ರೈತರ ಸಂತೆಯಿಂದ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ರಾಲೆ ಎಂಬ ಊರಿನ ಸಂತೆಯಲ್ಲಿ ಹಿಡಿದ ನೊಣಗಳಿಂದ ಟ್ರೂಡಿ ಮೆಕೇ ಮತ್ತು ಸಂಗಡಿಗರು ಸುಮಾರು 200 ತಳಿ ಮಾಡಿದರು. ಅಣ್ಣ ತಂಗಿ ನೊಣಗಳನ್ನೇ 20 ತಲೆಮಾರು ಕೂಡಿಸಿ, ಒಂದು ತಳಿಯ ಒಳಗೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಅಚ್ಚು ಆಗುವಂತೆ ನೋಡಿಕೊಂಡರು. ಹೆಚ್ಚಿನ ತಳಿಗಳ ಡಿಎನ್‌ಎ ಪೂರ್ತಿ ಓದಿ 2012ರಲ್ಲಿ ಪ್ರಕಟಿಸಿದರು. ನಮ್ಮ ರಾಗಿ ತಳಿಗಳಂತೆ ಅಂದುಕೊಳ್ಳಿ. ಒಂದು ಬರ ತಡೆಯುತ್ತದೆ, ಒಂದು ಬೆಂಕಿರೋಗ ತಡೆಯುತ್ತದೆ, ಒಂದು ಬೇಗ ತೆನೆ ಬಿಡುತ್ತದೆ. ಬೀಜ ಶುದ್ಧವಾಗಿದ್ದರೆ ಮಾತ್ರ ಯಾವ ಗುಣ ಯಾವ ತಳಿಯದು ಅಂತ ಹೇಳಲು ಬರುತ್ತದೆ.

ಈ ತಳಿಗಳಿಗೆ ಎಣ್ಣೆ ಆವಿ ಕೊಟ್ಟು ನೋಡಿದರು, ಎಣ್ಣೆ ಬೆರೆಸಿದ ಆಹಾರ ಇಟ್ಟು ನೋಡಿದರು. ಒಂದು ತಳಿ ಬೇಗ ಬಿತ್ತು, ಇನ್ನೊಂದು ತುಂಬಾ ಹೊತ್ತು ನಿಂತಿತು. ಒಂದು ಹೆಚ್ಚು ಕುಡಿಯಿತು, ಇನ್ನೊಂದು ಮೂಸಿ ಬಿಟ್ಟಿತು. ಕಾರಣ ಹುಡುಕಿದರೆ ಒಂದು ಜೀನು ಸಿಗಲಿಲ್ಲ. ಬಹಳಷ್ಟು ಸಿಕ್ಕವು. ಒಂದೊಂದರ ಪಾಲು ಸಣ್ಣದು. ಅದರಲ್ಲಿ ಹಲವು, ನೊಣದ ನರಮಂಡಲ ಬೆಳೆಯುವ ಹಂತದಲ್ಲಿ ಕೆಲಸ ಮಾಡುವ ಜೀನುಗಳು. ಗಂಡು ಹೆಣ್ಣಿನಲ್ಲೂ ಪರಿಣಾಮ ಒಂದೇ ಇರಲಿಲ್ಲ.

ಆದ್ದರಿಂದ ‘ರಕ್ತದಾಗೇ ಐತೆ’ ಅನ್ನುವ ಮಾತಿಗೆ ನೊಣ ಕೊಡುವ ಉತ್ತರ ಹೀಗೆ: ಇದೆ, ಆದರೆ ಒಂದು ಹನಿಯಾಗಿ ಇಲ್ಲ. ನೂರಾರು ಚಿಟಿಕೆಗಳಾಗಿ ಇದೆ. ಅಪ್ಪನಿಂದ ಮಗನಿಗೆ ಆ ಚಿಟಿಕೆಗಳಲ್ಲಿ ಅರ್ಧ ಮಾತ್ರ ಇಳಿಯುತ್ತದೆ. ಯಾವ ಅರ್ಧ ಅಂತ ಯಾರೂ ಹೇಳಲಾರರು. ಇನ್ನರ್ಧ ಅಮ್ಮನಿಂದ.

ಬೀಜ ಅರ್ಧ, ಹೊಲ ಅರ್ಧ

ಮನುಷ್ಯರಲ್ಲಿ ಅವಳಿ ಮಕ್ಕಳನ್ನು, ದತ್ತು ಹೋದ ಮಕ್ಕಳನ್ನು ನೋಡಿ ಮಾಡಿದ ಲೆಕ್ಕಗಳನ್ನೆಲ್ಲ ಕೂಡಿಸಿದರೆ, ಕುಡಿತದ ಚಟದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸಕ್ಕೆ ಹುಟ್ಟಿನ ಪಾಲು ಸುಮಾರು ಅರ್ಧ ಅಂತ ಬರುತ್ತದೆ.

ಇದನ್ನು ತಪ್ಪು ಓದಬೇಡಿ. ‘ಕುಡುಕನ ಮಗ ಕುಡುಕ ಆಗುವ ಸಾಧ್ಯತೆ ಅರ್ಧಕ್ಕರ್ಧ’ ಅಂತ ಇದರ ಅರ್ಥ ಅಲ್ಲ. ಹೊಲದ ಲೆಕ್ಕದಲ್ಲಿ ಹೇಳುತ್ತೇವೆ. ಒಂದು ಊರಿನ ನೂರು ಹೊಲದಲ್ಲಿ ಇಳುವರಿ ನೂರು ಥರ. ಆ ಹೆಚ್ಚುಕಡಿಮೆಗೆ ಸ್ವಲ್ಪ ಬೀಜ ಕಾರಣ, ಸ್ವಲ್ಪ ನೀರು, ಗೊಬ್ಬರ, ಮಣ್ಣು ಕಾರಣ. ಊರಿಗೆಲ್ಲ ಸೇರಿಸಿ ಎಷ್ಟೆಷ್ಟು ಪಾಲು ಅಂತ ಲೆಕ್ಕ ಹಾಕಬಹುದು. ಒಂದು ಹೊಲದ ಮುಂದೆ ನಿಂತು ‘ಈ ಹೊಲ ಹಾಳಾಗಿಯೇ ತೀರುತ್ತದೆ’ ಅನ್ನಲು ಆ ಲೆಕ್ಕ ಬಾರದು. ಒಣ ನೆಲಕ್ಕೆ ಬೀಳದ ಬೀಜ ಒಣಗುವುದಿಲ್ಲ. ಬಾಯಿಗೆ ಎಣ್ಣೆಯನ್ನೇ ಹಾಕದ ಹುಡುಗನಿಗೆ ಎಣ್ಣೆಯ ಚಟ ಹತ್ತುವುದಿಲ್ಲ, ಅವನ ಅಪ್ಪ ತಾತ ಯಾರೇ ಆಗಿರಲಿ.

ಕುಡುಕನ ಮನೆಯಲ್ಲಿ ಹುಟ್ಟಿದ ಮಗ ಹುಷಾರಾಗಿರಬೇಕು ನಿಜ. ಸಕ್ಕರೆ ಕಾಯಿಲೆ ಇರುವವರ ಮಕ್ಕಳು ಹುಷಾರಾಗಿರುತ್ತಾರಲ್ಲ, ಹಾಗೆ. ಆದರೆ ಸಕ್ಕರೆ ಕಾಯಿಲೆಯ ಮನೆಗೆ ನಾವು ಹೆಣ್ಣು ಕೊಡುವುದನ್ನು ನಿಲ್ಲಿಸಿಲ್ಲ.

ತಡೆದುಕೊಳ್ಳುವವನಿಗೇ ಅಪಾಯ

ಈಗ ಮೊದಲ ಮಾತಿಗೆ ಬರೋಣ. ನಮ್ಮನ್ನು ಹೆಚ್ಚು ಬೆಚ್ಚಿಬೀಳಿಸಿದ್ದು ಇದು.

ಅಮೆರಿಕದ ಮನೋವೈದ್ಯ ಮಾರ್ಕ್ ಶುಕಿಟ್ ಅವರು ಕುಡಿತದ ಚಟ ಇದ್ದವರ ಗಂಡುಮಕ್ಕಳಿಗೆ, ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ಅಳತೆ ಮಾಡಿದ ಆಲ್ಕೋಹಾಲ್ ಕೊಟ್ಟು ಯಾರಿಗೆ ಎಷ್ಟು ಅಮಲೇರುತ್ತದೆ ಅಂತ ನೋಡಿದರು. ಸುಮಾರು ಹತ್ತು ವರ್ಷದ ಮೇಲೆ ಅವರನ್ನೇ ಮತ್ತೆ ಹುಡುಕಿ ಮಾತಾಡಿಸಿದರು. ಫಲಿತಾಂಶ 1994ರಲ್ಲಿ ಬಂತು. ಅಂದು ಬೇಗ ಅಮಲೇರಿದವರಲ್ಲಿ ನೂರಕ್ಕೆ 14 ಜನ ಚಟಕ್ಕೆ ಬಿದ್ದಿದ್ದರು. ಅಂದು ‘ತಡೆದುಕೊಂಡವರಲ್ಲಿ’ ನೂರಕ್ಕೆ 56 ಜನ.

ಕಾರಣ ಕಷ್ಟದ್ದೇನಲ್ಲ. ಬೇಗ ತಲೆ ತಿರುಗುವವನಿಗೆ ಅವನ ಮೈಯೇ ‘ಸಾಕು’ ಅನ್ನುತ್ತದೆ. ತಡೆದುಕೊಳ್ಳುವವನಿಗೆ ಆ ಗಂಟೆ ಬಾರಿಸುವುದೇ ಇಲ್ಲ. ಅವನು ಇನ್ನೊಂದು, ಮತ್ತೊಂದು ಅಂತ ಹೋಗುತ್ತಾನೆ. ಜೊತೆಯವರು ಚಪ್ಪಾಳೆ ತಟ್ಟುತ್ತಾರೆ. ಆದರೆ ಲಿವರಿಗೆ ಹೋಗುವ ಎಣ್ಣೆ ಅಷ್ಟೂ ಎಣ್ಣೆಯೇ. ನೆಟ್ಟಗೆ ನಡೆದು ಮನೆ ಸೇರಿದ ಅಂತ ಲಿವರ್ ರಿಯಾಯಿತಿ ಕೊಡುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. ಚೀನಾ, ಜಪಾನ್, ಕೊರಿಯಾ ಕಡೆ ಬಹಳ ಜನರಿಗೆ, ನಾವು ಮೊದಲೇ ಹೇಳಿದ ಎರಡನೇ ಮೆಟ್ಟಿಲಿನ ಕಿಣ್ವ ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಜಗತ್ತಿನಲ್ಲಿ ಇಂಥವರು 50 ಕೋಟಿಗೂ ಹೆಚ್ಚು. ಒಂದು ಲೋಟ ಬಿಯರಿಗೇ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿ ಬರುವ ಹಾಗಾಗುತ್ತದೆ. ಅಸಿಟಾಲ್ಡಿಹೈಡ್ ವಿಷ ಮೈಯಲ್ಲಿ ಉಳಿದುಬಿಡುವುದರಿಂದ ಹೀಗೆ. ಇವರಲ್ಲಿ ಹೆಚ್ಚಿನವರು ಕುಡಿತದ ತಂಟೆಗೇ ಹೋಗುವುದಿಲ್ಲ. ಗೆಳೆಯರ ಒತ್ತಾಯಕ್ಕೆ ಸಹಿಸಿಕೊಂಡು ಕುಡಿಯುತ್ತಾ ಹೋದವರಿಗೆ ಅನ್ನನಾಳದ ಕ್ಯಾನ್ಸರಿನ ಅಪಾಯ ಬಹಳ ಹೆಚ್ಚು.

ಬೇಗ ಬೀಳುವವನಿಗೂ ಕೇಡು, ತಡೆದುಕೊಳ್ಳುವವನಿಗೂ ಕೇಡು, ದಾರಿ ಬೇರೆ ಅಷ್ಟೆ. ‘ಇಷ್ಟು ಕುಡಿದರೆ ಏನೂ ಆಗಲ್ಲ’ ಎಂಬ ಸುರಕ್ಷಿತ ಅಳತೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ನೇರವಾಗಿ ಹೇಳಿದೆ. ಮದ್ಯ ಕ್ಯಾನ್ಸರ್ ತರುತ್ತದೆ ಅಂತ 1988ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪಟ್ಟಿಗೆ ಸೇರಿಸಿದೆ.

ವೈನ್ ಗೋದಾಮಿನ ನೊಣಗಳು

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ತಾಬಿಲ್ಕ್ ಎಂಬ ಹಳೆಯ ದ್ರಾಕ್ಷಿ ತೋಟ, ವೈನ್ ಕಾರ್ಖಾನೆ ಇದೆ. 1970ರ ದಶಕದಲ್ಲಿ ಮೆಕೆಂಜಿ ಮತ್ತು ಪಾರ್ಸನ್ಸ್ ಎಂಬ ಇಬ್ಬರು ವಿಜ್ಞಾನಿಗಳು ಅಲ್ಲಿನ ನೊಣಗಳನ್ನು ಹಿಡಿದು ಪರೀಕ್ಷಿಸಿದರು. ವೈನ್ ಇಡುವ ನೆಲಮಾಳಿಗೆಯ ಒಳಗಿನ ನೊಣಗಳು ಹೊರಗಿನ ನೊಣಗಳಿಗಿಂತ ಆಲ್ಕೋಹಾಲನ್ನು ಹೆಚ್ಚು ತಡೆದುಕೊಳ್ಳುತ್ತಿದ್ದವು. ಒಂದೇ ತೋಟ, ಒಂದೇ ಜಾತಿ, ನಡುವೆ ಒಂದು ಗೋಡೆ. ಅದರ ದಾಯಾದಿ ಜಾತಿಯ ನೊಣವೊಂದು ಎಣ್ಣೆ ತಡೆಯಲಾರದ್ದು. ಅದು ನೆಲಮಾಳಿಗೆಯ ಕಡೆ ಸುಳಿಯುತ್ತಲೇ ಇರಲಿಲ್ಲ. ಈ ವ್ಯತ್ಯಾಸವನ್ನು ಆ ಫಾಸ್ಟ್–ಸ್ಲೋ ಮಣಿಯೊಂದರಿಂದಲೇ ವಿವರಿಸಲು ಆಗಲಿಲ್ಲ. ಇಲ್ಲೂ ಅಷ್ಟೇ, ಒಂದೇ ಜೀನಿನ ಕಥೆ ಸಾಲಲಿಲ್ಲ.

ಇದನ್ನು ಓದಿ ಯಾರಾದರೂ ‘ನೋಡಿ, ನೊಣವೇ ಒಗ್ಗಿಕೊಂಡಿದೆ, ನಮ್ಮ ಜನಕ್ಕೂ ಒಗ್ಗುತ್ತೆ’ ಅನ್ನಬಹುದು. ಒಗ್ಗಿದ್ದು ಹೇಗೆ ಅಂತ ಕೇಳಿ. ತಡೆಯಲಾರದ ನೊಣಗಳು ಮರಿ ಬಿಡದೆ ಸತ್ತವು, ತಡೆದವು ಉಳಿದವು. ತಲೆಮಾರಿನ ಮೇಲೆ ತಲೆಮಾರು ಹೀಗೆ ಸೋಸಿ ಸೋಸಿ ಉಳಿದದ್ದು ಆ ಗುಂಪು. ನೊಣಕ್ಕೆ ಬಿಸಿಲುಕಾಲದಲ್ಲಿ ಹತ್ತು ಹನ್ನೆರಡು ದಿನಕ್ಕೊಂದು ತಲೆಮಾರು. ನಮಗೆ ಇಪ್ಪತ್ತೈದು ವರ್ಷ. ನಮ್ಮ ಊರಿನಲ್ಲಿ ಹಾಗೆ ಸೋಸಿಹೋಗುವವರು ಯಾರು? ನಮ್ಮ ಚಿಕ್ಕಪ್ಪ, ನಮ್ಮ ಅಣ್ಣ, ಪಕ್ಕದ ಮನೆಯ ಹುಡುಗ.

ಆ ಗೋಡೆಯ ಪಾಠ ನಮ್ಮ ಊರಿಗೂ ಬೇಕು. ಎಣ್ಣೆ ಎಲ್ಲಿದೆ ಎಂಬುದೂ ಮುಖ್ಯ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಬಾಟಲಿ ಮತ್ತು ಪ್ಯಾಕೆಟ್ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿಕೊಂಡು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಸರ್ಕಾರಕ್ಕೆ ಅಬಕಾರಿಯಿಂದ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಮೀರಿ ಬರುತ್ತದೆ. ಆ ದುಡ್ಡನ್ನು ಬಿಡುವ ಮನಸ್ಸು ಯಾವ ಪಕ್ಷಕ್ಕೂ ಕಾಣುತ್ತಿಲ್ಲ. ಪೂರ್ತಿ ನಿಷೇಧ ಬೇಕೇ ಬೇಡವೇ ಎಂಬುದರಲ್ಲಿ ನಮ್ಮ ತಂಡದ ಒಳಗೇ ಜಗಳ ಇದೆ. ಆದರೆ ಒಂದು ವಿಷಯದಲ್ಲಿ ಜಗಳ ಇಲ್ಲ. ಶಾಲೆ ಪಕ್ಕದ ಚಿಲ್ಲರೆ ಅಂಗಡಿಯಲ್ಲಿ, ಸಕ್ಕರೆ ಡಬ್ಬದ ಹಿಂದೆ ಲೈಸೆನ್ಸ್ ಇಲ್ಲದೆ ಇಟ್ಟು ಮಾರುವ ಪ್ಯಾಕೆಟ್ ನಿಲ್ಲಬೇಕು. ಅದು ಊರಿಗೆ ಊರನ್ನೇ ನೆಲಮಾಳಿಗೆ ಮಾಡುತ್ತದೆ. ಗ್ರಾಮಸಭೆಯಲ್ಲಿ ಇದನ್ನು ಎತ್ತಿ, ಠರಾವು ಬರೆಸಿ, ಪ್ರತಿ ಇಟ್ಟುಕೊಳ್ಳಿ.

ಬಿಟ್ಟವನು ಮತ್ತೆ ಹಿಡಿದರೆ

ಇನ್ನೆರಡು ಪ್ರಯೋಗ ಹೇಳಿ ಮುಗಿಸುತ್ತೇವೆ.

2009ರಲ್ಲಿ, ಆಯ್ಕೆ ಕೊಟ್ಟರೆ ನೊಣ ಎಣ್ಣೆ ಬೆರೆಸಿದ ಆಹಾರವನ್ನೇ ಹುಡುಕಿ ಹೋಗುತ್ತದೆ ಅಂತ ತೋರಿಸಿದರು. ಅದಕ್ಕೆ ಕ್ವಿನೈನ್ ಎಂಬ ಕಹಿ ಮದ್ದು ಬೆರೆಸಿದರೂ ಬಿಡಲಿಲ್ಲ. ಕೆಲವು ದಿನ ಎಣ್ಣೆ ತಪ್ಪಿಸಿ ಮತ್ತೆ ಕೊಟ್ಟಾಗ ಬೇಗನೆ ಹಳೆಯ ಮಟ್ಟಕ್ಕೇ ಮರಳಿತು. ನೊಣಕ್ಕೆ ಮಾನ ಮರ್ಯಾದೆ ಇಲ್ಲ, ಹೆಂಡತಿ ಮಕ್ಕಳ ಮೇಲೆ ಆಣೆ ಇಟ್ಟಿಲ್ಲ. ಆದರೂ ಮರಳಿತು. ಅಂದರೆ ಮರಳುವುದು ಚಟದ ಗುಣ. ಆರು ತಿಂಗಳು ಬಿಟ್ಟು ಜಾತ್ರೆಯಲ್ಲಿ ಮತ್ತೆ ಕುಡಿದವನನ್ನು ‘ಇವನು ಉದ್ಧಾರ ಆಗಲ್ಲ’ ಅಂತ ಕೈಬಿಡುವ ಬದಲು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಿ.ಪಿ. ಏರಿದರೆ ಮತ್ತೆ ಹೋಗುತ್ತೇವಲ್ಲ, ಹಾಗೆ.

2012ರಲ್ಲಿ ಇನ್ನೊಂದು ಪ್ರಯೋಗ. ಹೆಣ್ಣು ನೊಣಗಳಿಂದ ಪದೇ ಪದೇ ತಿರಸ್ಕಾರಕ್ಕೆ ಒಳಗಾದ ಗಂಡು ನೊಣಗಳು, ಕೂಡಿ ತೃಪ್ತಿಯಾಗಿದ್ದ ನೊಣಗಳಿಗಿಂತ ಹೆಚ್ಚು ಎಣ್ಣೆ ಆಹಾರ ತಿಂದವು. ಅವುಗಳ ಮಿದುಳಿನಲ್ಲಿ ಒಂದು ರಾಸಾಯನಿಕ ಕಡಿಮೆಯಾಗಿತ್ತು. ಇದನ್ನು ಓದಿ ‘ಹೆಂಡತಿ ಸರಿ ಇಲ್ಲ, ಅದಕ್ಕೇ ಕುಡಿತಾನೆ’ ಅಂತ ಅನ್ನುವವರು ಬರುತ್ತಾರೆ, ಅವರಿಗೆ ಮೊದಲೇ ಹೇಳಿಬಿಡುತ್ತೇವೆ: ಕುಡಿತಕ್ಕೆ ಹೊಡೆಸಿಕೊಂಡು ಬದುಕುತ್ತಿರುವವಳ ಮೇಲೆ ನೊಣದ ಹೆಸರಲ್ಲಿ ಇನ್ನೊಂದು ಹೊರೆ ಹೊರಿಸಬೇಡಿ. ಪ್ರಯೋಗ ಹೇಳುವುದು ಇಷ್ಟೇ, ಬದುಕಿನಲ್ಲಿ ಆಗುವ ಏಟು ಕೂಡ ಕುಡಿತದ ಕಡೆ ತಳ್ಳುತ್ತದೆ. ಬೆಳೆ ಹೋದ ವರ್ಷ, ಸಾಲದವರು ಬಾಗಿಲಿಗೆ ಬಂದ ವರ್ಷ ಊರಲ್ಲಿ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಜೀನು ಬದಲಿಸಲು ನಮಗೆ ಬರುವುದಿಲ್ಲ. ಆ ವರ್ಷ ಅವನ ಜೊತೆ ಕೂತು ಮಾತಾಡಲು ಬರುತ್ತದೆ.

ಮನೆಯವರಿಗೆ ಎರಡು ಎಚ್ಚರಿಕೆ

ಒಂದು: ಗೊತ್ತಾಗದ ಹಾಗೆ ಸಾರಿನಲ್ಲಿ, ಕಾಫಿಯಲ್ಲಿ ‘ಕುಡಿತ ಬಿಡಿಸುವ ಪುಡಿ’ ಹಾಕಬೇಡಿ. ಡೈಸಲ್ಫಿರಾಮ್ ಎಂಬ ಮಾತ್ರೆ ಇದೆ. 1948ರಲ್ಲಿ ಡೆನ್ಮಾರ್ಕಿನಲ್ಲಿ ಇದನ್ನು ಕುಡಿತಕ್ಕೆ ಮದ್ದಾಗಿ ಬಳಕೆಗೆ ತಂದರು. ಇದು ಮಾಡುವುದೇನು? ಆ ಎರಡನೇ ಮೆಟ್ಟಿಲಿನ ಕಿಣ್ವವನ್ನು ಕಟ್ಟಿಹಾಕುವುದು. ಆಮೇಲೆ ಎಣ್ಣೆ ಬಿದ್ದರೆ ವಿಷ ಮೈಯಲ್ಲೇ ಉಳಿದು ಮುಖ ಕೆಂಪೇರಿ, ವಾಂತಿಯಾಗಿ, ಬಿ.ಪಿ. ಇಳಿದು ಒದ್ದಾಡುತ್ತಾನೆ. ತಿಳಿದು, ಒಪ್ಪಿ, ಡಾಕ್ಟರ ಕಣ್ಣಳತೆಯಲ್ಲಿ ತೆಗೆದುಕೊಂಡರೆ ಅದು ಔಷಧಿ. ಗೊತ್ತಿಲ್ಲದೆ ತಿಂದು ಮೇಲೆ ಎರಡು ಕ್ವಾರ್ಟರ್ ಕುಡಿದರೆ ಪ್ರಾಣಕ್ಕೇ ಕುತ್ತು. ಹೆಸರಿಲ್ಲದ ಪುಡಿಯ ಪೊಟ್ಟಣದಲ್ಲಿ ಏನಿದೆ ಅಂತ ಕೊಟ್ಟವನನ್ನು ಕೇಳಿ, ಹೇಳದಿದ್ದರೆ ವಾಪಸ್ ಕೊಡಿ.

ಎರಡು: ವರ್ಷಗಟ್ಟಲೆ ದಿನಾ ಕುಡಿಯುವವನನ್ನು ಕೋಣೆಗೆ ಕೂಡಿಹಾಕಿ ಒಂದೇ ಏಟಿಗೆ ಬಿಡಿಸಬೇಡಿ. ಒಗ್ಗಿಹೋದ ನರಮಂಡಲಕ್ಕೆ ಎಣ್ಣೆ ದಿಢೀರ್ ನಿಂತರೆ ಕೈ ನಡುಕ, ಬೆವರು, ಎರಡು ದಿನದೊಳಗೆ ಫಿಟ್ಸ್, ಆಮೇಲೆ ಇಲ್ಲದ್ದು ಕಾಣುವುದು, ಕೂಗಾಡುವುದು ಶುರುವಾಗಬಹುದು. ಊರಲ್ಲಿ ಇದನ್ನು ‘ಗಾಳಿ ಹಿಡಿದಿದೆ’ ಅಂತ ತಿಳಿದು ಮಂತ್ರ ಹಾಕಿಸುತ್ತಾರೆ. ಇದು ಗಾಳಿ ಅಲ್ಲ, ಜೀವಕ್ಕೆ ಅಪಾಯ ತರುವ ಸ್ಥಿತಿ. ತಕ್ಷಣ ಆಸ್ಪತ್ರೆಗೆ ಸೇರಿಸಿ. ನಡುಕ, ಫಿಟ್ಸ್ ಬಾರದ ಹಾಗೆ ನೋಡಿಕೊಂಡು ಬಿಡಿಸುವ ಔಷಧಿ ಇದೆ.

ಎಲ್ಲಿ ಕೇಳಬೇಕು ಅಂತ ಗೊತ್ತಿಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ. ವ್ಯಸನಕ್ಕೆಂದೇ ಇರುವ ಸಹಾಯವಾಣಿ 14446. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗ ಇದೆ.

ಆ ಹುಡುಗನಿಗೆ ಹೇಳಿದ್ದು

ಗೌರಿ ಹಬ್ಬಕ್ಕೆ ಮತ್ತೆ ಊರಿಗೆ ಹೋದಾಗ ಆ ಹುಡುಗನ ಜೊತೆ ಕೂತು ಇದನ್ನೆಲ್ಲ ಹೇಳಿದೆವು. ನೊಣ ಉರುಳುವ ಕೊಳವೆಯ ಕಥೆಗೆ ನಕ್ಕ. ಶುಕಿಟ್ ಅವರ ಲೆಕ್ಕ ಕೇಳಿ ಸುಮ್ಮನಾದ. ಆಮೇಲೆ ಅಂದ: “ಹಂಗಾದ್ರೆ ಅಪ್ಪ ಗೆದ್ದ ಪಂದ್ಯಗಳೆಲ್ಲ...”

ಮಾತು ಮುಗಿಸಲಿಲ್ಲ. ನಾವೂ ಮುಗಿಸಲಿಲ್ಲ.

ಅವನ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು: “ನಿನ್ನ ಮೈಯಲ್ಲಿ ಅಪ್ಪನ ಪಾಲು ಇದೆ, ಅಮ್ಮನ ಪಾಲೂ ಇದೆ. ಅಪ್ಪನಂತೆ ನಿನಗೂ ಅಮಲು ತಡವಾಗಿ ಏರಬಹುದು. ಹಾಗಿದ್ದರೆ ಅದೇ ನಿನಗೆ ಅಪಾಯ. ಆದ್ದರಿಂದ ಪರೀಕ್ಷೆ ಮಾಡಿ ನೋಡಲು ಹೋಗಬೇಡ. ನೊಣಕ್ಕೆ ಎಲ್ಲಿ ಹುಟ್ಟಬೇಕು ಅಂತ ಆರಿಸಿಕೊಳ್ಳಲು ಬರಲ್ಲ. ನಿನಗೂ ಬರಲಿಲ್ಲ. ಆದರೆ ಎಲ್ಲಿ ಹೋಗಿ ಕೂರಬೇಕು ಅಂತ ಆರಿಸಿಕೊಳ್ಳಲು ನಿನಗೆ ಬರುತ್ತೆ.”

ಓದುಗರಲ್ಲಿ ನಮ್ಮ ಕೇಳಿಕೆ ಎರಡೇ. ಕಟ್ಟೆ ಮೇಲೆ ಯಾರಾದರೂ ‘ಅವನ ತಾಕತ್ತು ನೋಡು’ ಅಂದಾಗ ಚಪ್ಪಾಳೆ ತಟ್ಟಬೇಡಿ. ಹೆಣ್ಣು ಕೊಡುವ ಮಾತಿನಲ್ಲಿ ಯಾರಾದರೂ ‘ರಕ್ತದಾಗೇ ಐತೆ’ ಅಂದಾಗ, ಹುಡುಗನ ತಾತನನ್ನು ಬಿಟ್ಟು ಹುಡುಗನನ್ನು ನೋಡಿ.